ಜಟ್ಟಿ ತಾಂಡೇಲ ಬಚ್ಚಿಟ್ಟ ಬುತ್ತಿ

ಮಂಕಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಹನ್ನೆರಡು ವರ್ಷ ಕನ್ನಡ ಕಲಿಸಿದೆ. ಆ ಶಾಲೆಯ ಆಟದ ಬಯಲಿನ ಪಡುವಣ ಅಂಚಿನಲ್ಲಿ ಗಾಳಿಮರಗಳ ಸಾಲೊಂದಿತ್ತು. ಅದರ ನೆರಳಿನಲ್ಲಿ ಕಾಲು ಚಾಚಿ ಕುಳಿತು, ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿದ್ದವನು ಜಟ್ಟಿ. ಊರಿನವರು ಅವನನ್ನು ಜಟ್ಟಿ ತಾಂಡೇಲ ಎನ್ನುತ್ತಿದ್ದರು. ತಾಂಡೇಲನೆಂದರೆ ಮೀನಿನ ಬೋಟನ್ನು ನಡೆಸುವವನು. ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎಂಬುದಕ್ಕೆಲ್ಲ ಅವನದೇ ಮಾತು. ಬಲೆ ಹೆಣೆಯುತ್ತಿದ್ದ ಆ ದಿನಗಳಲ್ಲಿ ಅವನ ಕೈಯಲ್ಲಿ ಬೋಟಿರಲಿಲ್ಲ. ಹೆಸರಿಗೆ ಅಂಟಿಕೊಂಡ ತಾಂಡೇಲಗಿರಿ ಮಾತ್ರ ಉಳಿದಿತ್ತು.

ನಾನು ಅಲ್ಲಿಗೆ ವರ್ಗವಾಗಿ ಬಂದದ್ದು ೧೯೯೭ರಲ್ಲಿ. ಆಗಿನ ಜಟ್ಟಿಯೇ ಬೇರೆ. ದಪ್ಪ ದನಿ, ದೊಡ್ಡ ನಗೆ. ಬೋಟು ಬಂದರಕ್ಕೆ ಬರುವ ಮೊದಲೇ ಅವನ ಮಾತು ದಡಕ್ಕೆ ಬರುತ್ತಿತ್ತು. ಒಮ್ಮೆ ನನ್ನನ್ನೂ ಬೋಟಿಗೆ ಹತ್ತಿಸಿಕೊಂಡು ಹೋದ. ದಡ ಒಂದು ಹಸಿರು ಗೆರೆಯಾಗಿ ಕಾಣುವಷ್ಟು ದೂರ ಹೋದ ಮೇಲೆ ಕೈಚಾಚಿ ತೋರಿಸಿದ.

"ಮಾಸ್ತರ್ರೇ, ಆ ಬೋಳುಗುಡ್ಡೆ ಕಾಣ್ತದ್ಯಾ? ಅದ್ರ ತಲೆ ಮೇಲೆ ಹಿಂದಿನ ಗುಡ್ಡೆ ಬಂದು ಕೂತ್ಕಂಡದೆ. ಬಡಗು ಬದಿಗೆ ಕಾಣಿ, ಎರಡು ತೆಂಗಿನಮರ ಒಂದೇ ಆಗ್ಯದೆ. ಈ ಎರಡೂ ಒಟ್ಟಿಗೆ ಆತು ಅಂದ್ರೆ ನಮ್ಮ ಬೋಟಿನ ಅಡಿಗೆ ಕಲ್ಲು."

ಎರಡು ಗೆರೆಗಳು ಕೂಡುವಲ್ಲಿ ಒಂದು ಬಿಂದು ಎಂದು ನಮ್ಮ ಗಣಿತದ ಪುಸ್ತಕದಲ್ಲಿತ್ತು. ಇಲ್ಲಿ ಆ ಬಿಂದುವಿನಲ್ಲಿ ನೀರಿನೊಳಗೆ ಒಂದು ಬಂಡೆಯಿತ್ತು. ಬಲೆ ಅದಕ್ಕೆ ಸಿಕ್ಕಿದರೆ ಇಡೀ ವರ್ಷದ ದುಡಿಮೆ ಹರಿದುಹೋದಂತೆ.

ಅದಾಗಿ ಎರಡು ಮೂರು ವರ್ಷಗಳಲ್ಲಿ ಬೋಟುಗಳಿಗೆ ಜಿಪಿಎಸ್ ಬಂತು. ಅಂಗೈಯಲ್ಲಿ ಹಿಡಿಯುವಂಥ ಯಂತ್ರ. ಆಕಾಶದ ಉಪಗ್ರಹಗಳನ್ನು ಕೇಳಿ, ನೀನು ನಿಂತಿರುವುದು ಇಂಥ ಅಕ್ಷಾಂಶ, ಇಂಥ ರೇಖಾಂಶ ಎಂದು ಅಂಕೆಗಳಲ್ಲಿ ಹೇಳುತ್ತದೆ. ಗುಡ್ಡ ಕಾಣದ ಮಂಜಿನಲ್ಲಿಯೂ ಕಲ್ಲಿನ ಜಾಗ ತಪ್ಪುವುದಿಲ್ಲ. ಜಟ್ಟಿ ತನ್ನದೇ ದುಡ್ಡಿನಲ್ಲಿ ಒಂದನ್ನು ಕೊಂಡು, ಅದನ್ನು ಹೊಸ ಮದುಮಗಳಂತೆ ನೋಡಿಕೊಳ್ಳುತ್ತಿದ್ದ. ಬೋಟಿನಿಂದ ಬೋಟಿಗೆ ವೈರ್‌ಲೆಸ್ಸಿನಲ್ಲಿ ಮಾತನಾಡುವಾಗ ತಾಂಡೇಲರು ಈ ಅಂಕೆಗಳನ್ನು ಪೂರ್ತಿ ಹೇಳುತ್ತಿರಲಿಲ್ಲ. ಡಿಗ್ರಿ ಎಲ್ಲರಿಗೂ ಒಂದೇ, ಅದನ್ನು ಬಿಡುತ್ತಿದ್ದರು. ಮಿನಿಟು, ಅದರ ಮುಂದಿನ ಎರಡು ಅಂಕೆ, ಅಲ್ಲಿಗೆ ಮುಗಿಯಿತು. ಯಂತ್ರದಲ್ಲಿ ಇನ್ನೂ ಒಂದು ಅಂಕೆ ಇರುತ್ತಿತ್ತು. ತೆರೆಯ ಮೇಲೆ ಬೋಟು ಏರಿಳಿಯುವಾಗ ಆ ಕೊನೆಯ ಅಂಕೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ಕುಣಿಯೂ ಅಂಕೆ ಕಟ್ಕಂಡು ಎಂತ ಮಾಡೂದು?" ಎಂದು ಅದನ್ನೂ ಬಿಟ್ಟುಬಿಡುತ್ತಿದ್ದರು.

ಜಟ್ಟಿಯ ಹೆಂಡತಿ ಸರೋಜಾ. ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದಳು. ನಮ್ಮ ಮನೆಗೂ ಅವಳೇ ಬರುತ್ತಿದ್ದಳು. ಅವಳ ತಮ್ಮ ಮೋಹನನೂ ತಾಂಡೇಲ. ಮಳೆಗಾಲ ಕಳೆದು ಬೋಟು ಕಡಲಿಗಿಳಿದಾಗ ಮೊದಲ ದಿನದ ಮೀನಿನಲ್ಲಿ ಒಂದು ಪಾಲನ್ನು ಅಕ್ಕನ ಮನೆಗೆ ಮುಟ್ಟಿಸುವುದು ಅವರ ಮನೆತನದ ನಡೆವಳಿಕೆ. ಆ ಮೀನನ್ನು ಮಾರಬಾರದು. ಅಡುಗೆ ಮಾಡಿ ಉಣ್ಣಬೇಕು, ನೆರೆಯವರಿಗೆ ಕೊಡಬೇಕು. ಆ ಒಂದು ದಿನ ಸರೋಜಾ ನಮ್ಮ ಮೆಟ್ಟಿಲಿಗೆ ಬಂದು ನನ್ನ ಹೆಂಡತಿಗೆ ನಾಲ್ಕು ಬಂಗಡೆಯನ್ನು ಸುಮ್ಮನೆ ಕೊಟ್ಟು, "ತಮ್ಮಂದು" ಎಂದು ಹೇಳಿ ಹೋಗುತ್ತಿದ್ದಳು. ಆ ಒಂದು ಶಬ್ದ ಹೇಳುವಾಗ ಅವಳ ಕತ್ತು ತುಸು ಎತ್ತರವಾಗುತ್ತಿತ್ತು.

೨೦೦೨ರಲ್ಲಿ ಅದು ನಿಂತುಹೋಯಿತು. ಮೋಹನ ಮೊದಲ ಸಲ ಒಂದು ಹೊಸ ಕಡೆಗೆ ಬಲೆ ಬಿಡಲು ಹೊರಟಿದ್ದ. ಜಟ್ಟಿ ವೈರ್‌ಲೆಸ್ಸಿನಲ್ಲಿ, "ಭಾವಾ, ಎಂಟು–ಮೂವತ್ತರಲ್ಲಿ ಕಲ್ಲದೆ, ಜೋಪಾನ" ಎಂದು ಹೇಳಿದ. ಮೋಹನ ತನ್ನ ಯಂತ್ರದ ಅಕ್ಷಾಂಶದಲ್ಲಿ ಎಂಟು–ಮೂವತ್ತನ್ನು ನೋಡಿಕೊಂಡು, ಅಲ್ಲಿಂದ ಎರಡು ಫರ್ಲಾಂಗು ತೆಂಕಕ್ಕೆ ಸರಿದು ಬಲೆ ಬಿಟ್ಟ. ಬಲೆ ಸೀದಾ ಕಲ್ಲಿಗೆ ಸಿಕ್ಕಿತು. ಎಳೆದು ಮೇಲಕ್ಕೆ ತಂದಾಗ ಹಗ್ಗ ಬಂತು, ಬಲೆ ಚಿಂದಿಯಾಗಿತ್ತು.

ಮೀನಿರುವ ಜಾಗವನ್ನು ಬಚ್ಚಿಡುವುದು ಬಂದರದಲ್ಲಿ ತಪ್ಪಲ್ಲ. ಎಲ್ಲರೂ ಬಚ್ಚಿಡುತ್ತಾರೆ, ಬಚ್ಚಿಟ್ಟದ್ದನ್ನು ಹೇಳಿಕೊಂಡು ನಗುತ್ತಾರೆ. ಕಲ್ಲಿನ ಜಾಗದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿದವನಿಗೆ ಕ್ಷಮೆಯಿಲ್ಲ. ಮೋಹನ ಬಂದರದ ಕಟ್ಟೆಯ ಮೇಲೆ ಎಲ್ಲರೆದುರು ಜಟ್ಟಿಯ ಮುಖದ ಕಡೆ ಬೆರಳು ತೋರಿಸಿ ಕೇಳಿದ:

"ನನ್ನ ಬೋಟು ಮೇಲೆ ಬರೂದು ಕಂಡು ಹೊಟ್ಟೆ ಉರೀತಾ ಭಾವಾ? ಹೇಳೂಕೆ ಇಷ್ಟ ಇಲ್ದಿದ್ರೆ ಬಾಯಿ ಮುಚ್ಕಂಡು ಕೂರೂದಾಗಿತ್ತು."

"ನಾ ಕಂಡದ್ದೇ ಹೇಳಿದ್ದು ಮಾರಾಯ. ಎಂಟು–ಮೂವತ್ತೇ. ಬೇಕಾರೆ ಈ ಮಿಷನ್ನು ಕಾಣು."

"ನಿನ್ನ ಮಿಷನ್ನು ನೀನೇ ಮಡಿಕ್ಕೊ. ಕಲ್ಲು ಕಂಡದ್ದು ನನ್ನ ಬಲೆ."

ಜಟ್ಟಿಯ ಮಾತನ್ನು ಯಾರೂ ಜಗಳವಾಡಿ ಅಲ್ಲಗಳೆಯಲಿಲ್ಲ. ಅವನ ಜೊತೆ ಕಡಲಿಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಬೋಟು ಸೇರಿದರು, ಅಷ್ಟೇ. ಮರುವರ್ಷ ಬೋಟಿನ ಯಜಮಾನನೂ ಬೇರೆ ತಾಂಡೇಲನನ್ನು ನೋಡಿಕೊಂಡ. ಜಟ್ಟಿ ಗಾಳಿಮರದ ಬುಡಕ್ಕೆ ಬಂದು ಕುಳಿತ. ದಪ್ಪ ದನಿ ಎಲ್ಲಿಗೋ ಹೋಯಿತು. ಸರೋಜಾ ದಿನವೂ ಮೀನು ಮಾರಿದಳು, ಆದರೆ ತಮ್ಮನ ಬೋಟಿನ ಮೀನಿಗೆ ಕೈ ಹಚ್ಚಲಿಲ್ಲ. ತವರಿನ ಮನೆ ಎರಡು ಗದ್ದೆಯಾಚೆಗಿತ್ತು. ಆ ದಾರಿ ಬಿಟ್ಟು ಸುತ್ತುಹಾಕಿ ಬರುತ್ತಿದ್ದಳು.

ಇನ್ನು ಬುತ್ತಿಯ ಕಥೆಗೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು ಸುಬ್ಬಲಕ್ಷ್ಮಿ ಅಕ್ಕೋರು. ಕತಗಾಲದವರು, ಮೀನು ಮುಟ್ಟದ ಮನೆಯವರು. ಮಕ್ಕಳಿಗೆ ಹೆದರಿಕೆ ಹುಟ್ಟಿಸದೆ ಲೆಕ್ಕ ಕಲಿಸಬಲ್ಲವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ೨೦೦೫ರ ಗ್ಯಾದರಿಂಗಿಗೆ, ಎಂದರೆ ಶಾಲೆಯ ವಾರ್ಷಿಕ ಸಮ್ಮೇಳನಕ್ಕೆ, ತಿಂಗಳಿರುವಾಗ ಅವರು ಕುಮಟೆಯ ಸೈಬರ್ ಅಂಗಡಿಯಲ್ಲಿ ಅಚ್ಚು ತೆಗೆಸಿದ ಒಂದು ಹಾಳೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ನೋಡಿ ಸರ್, ಪರದೇಶದಲ್ಲಿ ಜಿಯೋಕ್ಯಾಚಿಂಗ್ ಅಂತ ಒಂದು ಆಟ ಆಡ್ತ್ರಂತೆ. ಒಬ್ರು ಎಲ್ಲೋ ಒಂದು ಪೆಟ್ಟಿಗೆ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಕೊಡೂದು. ಉಳಿದವ್ರು ಜಿಪಿಎಸ್ ಹಿಡ್ಕಂಡು ಹುಡುಕೂದು. ಕೆಲವ್ರು ಅಂಕೆ ಸೀದಾ ಕೊಡೂದಿಲ್ಲ, ಲೆಕ್ಕ ಕೊಡ್ತ್ರು. ಲೆಕ್ಕ ಬಿಡಿಸಿದ್ರೇ ಜಾಗ ಸಿಕ್ಕೂದು."

"ಚೆಂದದ ಆಟ. ಆದರೆ ಯಂತ್ರ ಬೇಕಲ್ಲ?"

"ಎಂತದು ಸರ್! ನಮ್ಮ ಮಕ್ಕಳ ಅಪ್ಪಂದಿರ ಬೋಟಲ್ಲೆಲ್ಲ ಇರೂದು ಅದೇ ಅಲ್ದಾ?"

ಅಕ್ಕೋರು ಮೊದಲು ಹೋದದ್ದು ಗಾಳಿಮರದ ಕಡೆಗೆ. ನಾನೂ ಜೊತೆಗಿದ್ದೆ.

"ಜಟ್ಟಿ, ನಿನ್ನ ಜಿಪಿಎಸ್ ಇನ್ನೂ ನಡೀತದ್ಯಾ?"

"ಸೆಲ್ ಹಾಕಿದ್ರೆ ನಡೀತದೆ ಅಕ್ಕೋರೇ. ಎಂತಕ್ಕೆ? ನೀವು ಮೀನಿಗೆ ಹೋಗ್ತ್ರಾ?"

"ನಾನು ಮೀನಿಗೆ ಹೋದ್ರೆ ನಮ್ಮಮ್ಮ ಒಳಗೇ ಸೇರ್ಸೂದಿಲ್ಲ. ಬೇರೆ ಕೆಲಸ ಅದೆ."

ಆಟವನ್ನು ವಿವರಿಸಿದಾಗ ಜಟ್ಟಿಯ ಕೈ ಬಲೆಯ ಮೇಲೆ ನಿಂತಿತು.

"ನಾ ಕೊಟ್ಟ ನಂಬರು ನಿಮಗೆ ನಡೀತದ್ಯಾ?" ಎಂದ.

"ನಡೀದೆ ಎಂತ?"

"ಹಂಗಾರೆ ಇಡ್ತೆ. ಮಕ್ಕಳು ನನ್ನ ನಂಬರು ಹಿಡ್ಕಂಡು ಹೋಗಿ ಪೆಟ್ಟಿಗೆ ತಕ್ಕಂಡು ಬಂದ್ರೆ ಊರಿಗೆ ಗೊತ್ತಾಗ್ತದೆ, ಜಟ್ಟಿ ಇದ್ದದ್ದನ್ನೇ ಹೇಳ್ತ ಅಂತ. ಸಿಕ್ದಿದ್ರೆ…" ಎಂದು ಬಲೆಯ ಕಡೆ ನೋಡಿದ. "ಸಿಕ್ದಿದ್ರೆ ಈ ಮರದ ಬುಡವೂ ಬೇಡ, ಬಾಡದಲ್ಲಿ ನನ್ನ ಅಣ್ಣನ ಮನೆ ಅದೆ, ಅಲ್ಲಿಗೆ ಹೋಗೂದೇ."

ನಾವು ಆಟವೆಂದು ಹೊರಟಿದ್ದೆವು. ಅವನಿಗೆ ಅದು ಬಂದರದ ಕಟ್ಟೆಯ ಮೇಲೆ ಮತ್ತೊಮ್ಮೆ ನಿಂತಂತೆ.

ಪೆಟ್ಟಿಗೆಯೆಂದು ಅವನು ಆರಿಸಿದ್ದು ತನ್ನ ಹಳೆಯ ಬುತ್ತಿಯನ್ನು; ಕಡಲಿಗೆ ಹೋಗುವಾಗ ಸರೋಜಾ ಗಂಜಿ ಕಟ್ಟಿಕೊಡುತ್ತಿದ್ದ ಅಲ್ಯುಮಿನಿಯಮ್ಮಿನ ಡಬ್ಬಿ. ಅವಳೇ ಅದರಲ್ಲಿ ಮಕ್ಕಳಿಗೆಂದು ಅವಲಕ್ಕಿ ಉಂಡೆಗಳನ್ನು ತುಂಬಿದಳು. ಜಟ್ಟಿ ಒಬ್ಬನೇ ಹೋಗಿ, ಸಮುದ್ರ ಕಾಣುವ ಗುಡ್ಡೆಯ ಮೇಲೆಲ್ಲೋ ಇಟ್ಟು ಬಂದು, ಅಕ್ಕೋರಿಗೆ ತನ್ನ ಅಭ್ಯಾಸದಂತೆ ಅಂಕೆಗಳನ್ನು ಹೇಳಿದ: "ಹನ್ನೊಂದು–ಮೂವತ್ತಾರು. ಇಪ್ಪತ್ತೆಂಟು–ಇಪ್ಪತ್ತು." ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಅಕ್ಕೋರು ಅದಕ್ಕೆ ತಕ್ಕಂತೆ ಲೆಕ್ಕ ಕಟ್ಟಿದರು. ಲೆಕ್ಕಕ್ಕೆ ಮಾತು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದದ್ದು ಹೀಗಿತ್ತು:

"ಸರೋಜಕ್ಕನ ಬುಟ್ಟಿಯಲ್ಲಿ ಹತ್ತಕ್ಕಿಂತ ಹೆಚ್ಚು, ಐವತ್ತಕ್ಕಿಂತ ಕಡಿಮೆ ಬಂಗಡೆಗಳಿವೆ. ಐದೈದರಂತೆ ಪಾಲು ಮಾಡಿದರೆ ಒಂದು ಉಳಿಯುತ್ತದೆ. ಏಳೇಳರಂತೆ ಪಾಲು ಮಾಡಿದರೂ ಒಂದೇ ಉಳಿಯುತ್ತದೆ. ಹಾಗಾದರೆ ಬಂಗಡೆಗಳೆಷ್ಟು?"

ಐದೇಳಲೆ ಮೂವತ್ತೈದು, ಉಳಿದದ್ದೊಂದು, ಒಟ್ಟು ಮೂವತ್ತಾರು. ಉಳಿದ ಅಂಕೆಗಳಿಗೂ ಇಂಥವೇ ಲೆಕ್ಕಗಳು. ಸರೋಜಾಳಿಗೆ ಓದಿ ಹೇಳಿದಾಗ ಅವಳು ಬಾಯಿಗೆ ಸೆರಗಿಟ್ಟು ನಕ್ಕಳು.

"ಮಾಸ್ತರ್ರೇ, ಐದೈದು ಮಾಡಿ ಒಂದು ಉಳೀತು ಅಂದ್ರೆ ಅದು ನಿಮ್ಮ ಹೆಂಡ್ತಿ ಕೊಸರು ಅಂತ ಎತ್ಕಂಡು ಹೋಗೂದು. ಲೆಕ್ಕ ಸರಿಯಾತು!"

ಹುಡುಕುವವರಿಗೆ ಬೇರೊಂದು ಯಂತ್ರ ಬೇಕಿತ್ತು. ಜಟ್ಟಿಯದರಲ್ಲಿ ಜಾಗದ ಗುರುತು ಉಳಿದಿದ್ದರಿಂದ ಅದನ್ನು ಮಕ್ಕಳ ಕೈಗೆ ಕೊಡುವಂತಿರಲಿಲ್ಲ. ಆಟಕ್ಕೆ ಗೊತ್ತುಮಾಡಿದ ಭಾನುವಾರ ದಡದಲ್ಲಿದ್ದ ಬೋಟು ಮೋಹನನದೊಂದೇ. ಅವನ ಮಗಳು ಧನ್ಯಾ ನಮ್ಮ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ಆ ಸಲುಗೆಯಿಂದ ನಾನೇ ಹೋಗಿ ಕೇಳಿದೆ.

"ಪೆಟ್ಟಿಗೆ ಇಟ್ಟದ್ದು ಯಾರು?" ಎಂದ ಮೋಹನ.

"ಜಟ್ಟಿ."

ಮೋಹನ ನಕ್ಕ. "ಹಂಗಾರೆ ಸಿಕ್ತು ಬಿಡಿ! ತಕ್ಕಂಡು ಹೋಗಿ ಮಾಸ್ತರ್ರೇ, ಅಡ್ಡಿಲ್ಲ. ಆದ್ರೆ ನಾನೂ ಬರ್ತೆ. ಅಂವ ಮಕ್ಕಳಿಗೂ ಹಂಗೇ ಹೇಳ್ತ್ನಾ ಅಂತ ಕಣ್ಣಾರೆ ಕಾಣ್ಬೇಕು."

ಭಾನುವಾರ ಬೆಳಿಗ್ಗೆ ಮಕ್ಕಳು ಲೆಕ್ಕಗಳನ್ನು ಸರಸರನೆ ಬಿಡಿಸಿದರು. ಅಕ್ಕೋರು ಉತ್ತರ ನೋಡಿ ತಲೆಯಾಡಿಸಿದರು. ಮೋಹನನ ಯಂತ್ರ ಡಿಗ್ರಿ ಕೇಳಿತು, ಮಿನಿಟು ಕೇಳಿತು, ಸೆಕೆಂಡು ಕೇಳಿತು. ಭೂಗೋಳದ ಪುಸ್ತಕದಲ್ಲಿರುವ ಕ್ರಮವೇ ಅದು. ಅಂಕೆಗಳನ್ನು ತುಂಬಿ ಎಲ್ಲರೂ ಹೊರಟೆವು. ಬಚ್ಚಿಟ್ಟವನು ಜೊತೆಗಿರಬಾರದೆಂದು ಜಟ್ಟಿ ಗಾಳಿಮರದ ಕೆಳಗೇ ಉಳಿದ. ಹೆಂಡತಿಯೂ ಅವನ ಪಕ್ಕದಲ್ಲಿ ಬಂದು ಕುಳಿತಿದ್ದಳು.

ಬಾಣದ ಗುರುತು ತೋರಿದ ಕಡೆಗೆ ನಡೆದೆವು. ಶೇಂಗಾ ಗದ್ದೆ ದಾಟಿದೆವು, ಒಂದು ಬೇಲಿ ಹಾರಿದೆವು. ಯಂತ್ರ ಪೀಂ ಎಂದು ಕೂಗಿ ನಿಂತದ್ದು ಹೊನ್ನಕ್ಕನ ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಎದುರು. ಮಕ್ಕಳು ಮೂಗು ಮುಚ್ಚಿಕೊಂಡು ಕೋಲಿನಿಂದ ಕೆದಕತೊಡಗಿದರು. ಹೊನ್ನಕ್ಕ ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು.

"ಎಂತ ಮಾಸ್ತರ್ರೇ, ಶಾಲೆಲಿ ಕಲ್ಸೂಕೆ ಎಂತದೂ ಉಳೀಲಿಲ್ವಾ? ನನ್ನ ಗೊಬ್ರಗುಂಡಿಗೆ ಬಂದ್ರಲ್ಲ!"

"ಇಲ್ಲಿ ಜಟ್ಟಿ ಒಂದು ಬುತ್ತಿ ಇಟ್ಟಿದ್ದಾನಂತೆ ಹೊನ್ನಕ್ಕ."

"ಜಟ್ಟಿಗೆ ಊಟ ಇಡೂಕೆ ಬೇರೆ ಜಾಗ ಸಿಕ್ಲಿಲ್ವಾ?"

ಮಕ್ಕಳು ನಕ್ಕರು. ಮೋಹನ ನಗಲಿಲ್ಲ. "ಕಂಡ್ರಾ ಮಾಸ್ತರ್ರೇ?" ಎಂದಷ್ಟೇ ಹೇಳಿದ.

ಸುತ್ತಮುತ್ತಲೆಲ್ಲ ಹುಡುಕಿ ಬರಿಗೈಯಲ್ಲಿ ಶಾಲೆಗೆ ಮರಳಿದೆವು. ದೂರದಿಂದಲೇ ನಮ್ಮ ಕೈಗಳನ್ನು ನೋಡಿ ಜಟ್ಟಿ ಎದ್ದುನಿಂತ. ಮೂರು ವರ್ಷ ಅವನೊಡನೆ ಮಾತಾಡದಿದ್ದ ಮೋಹನ ಎದುರಿಗೆ ಹೋಗಿ ನಿಂತು ಹೇಳಿದ:

"ಅವತ್ತು ನನಗೆ ಮಾಡ್ದೆ, ಆತು. ಇವತ್ತು ಈ ಸಣ್ಣ ಮಕ್ಕಳಿಗೂ ಮಾಡ್ದ್ಯಲ್ಲ."

ಸರೋಜಾ ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಜಟ್ಟಿ ತನ್ನ ಯಂತ್ರವನ್ನು ಕೈಗೆತ್ತಿಕೊಂಡು ಅಕ್ಕೋರ ಕಡೆ ತಿರುಗಿದ. "ಬುತ್ತಿ ಇಟ್ಟಲ್ಲೇ ಅದೆ. ಎಲ್ಲರೂ ಬನ್ನಿ. ಭಾವಾ, ನೀನೂ ಬಾ, ಮಿಷನ್ನು ತಕ್ಕಂಡೇ ಬಾ."

ಅವನು ಮುಂದೆ, ನಾವೆಲ್ಲ ಹಿಂದೆ. ಹೊನ್ನಕ್ಕನ ಮನೆಯ ಕಡೆಗೆ ಅವನು ತಿರುಗಲೇ ಇಲ್ಲ. ಬಹಳ ಮೊದಲೇ ಎಡಕ್ಕೆ ಹೊರಳಿ ಗುಡ್ಡೆ ಹತ್ತಿದ. ಮೇಲೆ, ಚಿರೇಕಲ್ಲಿನ ಸಂದಿಯಲ್ಲಿ ಒಣಹುಲ್ಲು ಸರಿಸಿ ಬುತ್ತಿಯನ್ನು ತೆಗೆದ. ಮಕ್ಕಳು ಹೋ ಎಂದರು. ಮುಚ್ಚಳ ತೆರೆದರೆ ಉಂಡೆಗಳಿಗೆ ಇರುವೆ ಮುತ್ತಿತ್ತು, ಕೊಡವಿಕೊಂಡು ತಿಂದರು.

"ಸಿಕ್ತಲ್ಲ ಅಂತ ಕುಣೀಬೇಡಿ," ಎಂದ ಮೋಹನ. "ಹೇಳಿದ್ದು ಅಲ್ಲಿ, ಇಟ್ಟದ್ದು ಇಲ್ಲಿ."

ಜಟ್ಟಿ ತನ್ನ ಯಂತ್ರವನ್ನು ಆ ಕಲ್ಲಿನ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಅಂಕೆಗಳು ಮೂಡಿದವು: ಹನ್ನೊಂದು, ಒಂದು ಚುಕ್ಕೆ, ಮುಂದೆ ಮೂವತ್ತಾರು, ಅದರ ಬಾಲಕ್ಕೊಂದು ಸೊನ್ನೆ. ಅಕ್ಕೋರು ಬಗ್ಗಿ ನೋಡಿದರು. ಮೋಹನನ ಕಡೆ ಕೈಚಾಚಿ ಅವನ ಯಂತ್ರವನ್ನೂ ಇಸಿದುಕೊಂಡು ಪಕ್ಕದಲ್ಲಿಟ್ಟರು. ಅದರಲ್ಲಿ ಮೂಡಿದ್ದು ಹನ್ನೊಂದು ಮಿನಿಟು, ಇಪ್ಪತ್ತೊಂದು ಚಿಲ್ಲರೆ ಸೆಕೆಂಡು.

ಒಂದೇ ಕಲ್ಲು, ಎರಡು ಯಂತ್ರ, ಎರಡು ಅಂಕೆ.

ಅಕ್ಕೋರು ಸೀರೆಯ ನೆರಿಗೆ ಮುದುರಿಕೊಂಡು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಒಂದು ಚೂರು ಸುಣ್ಣದ ಕಡ್ಡಿ ಯಾವಾಗಲೂ ಅವರ ಕೈಚೀಲದಲ್ಲಿರುತ್ತಿತ್ತು. ಕೆಂಪು ಕಲ್ಲಿನ ಮೇಲೆ ಏನನ್ನೋ ಗುಣಿಸಿದರು, ಭಾಗಿಸಿದರು.

"ಅಯ್ಯೋ, ತಪ್ಪಾಗೋತು!" ಎಂದು ಮನೆಯ ಮಾತು ಅವರ ಬಾಯಿಂದ ಹೊರಬಿತ್ತು. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಜಟ್ಟಿಯ ಯಂತ್ರ ಒಂದು ಮಿನಿಟನ್ನು ನೂರು ಪಾಲು ಮಾಡ್ತದೆ. ಮೋಹನನದ್ದು ಗಡಿಯಾರದ ಹಾಗೆ ಅರವತ್ತು ಪಾಲು. ಜಟ್ಟಿ ಹೇಳಿದ್ದು ನೂರರಲ್ಲಿ ಮೂವತ್ತಾರು. ನಾನು ಅದನ್ನು ಪುಸ್ತಕದಲ್ಲಿದ್ದ ಹಾಗೆ ಸೆಕೆಂಡು ಅಂದ್ಕಂಡೆ. ನೂರರಲ್ಲಿ ಮೂವತ್ತಾರು ಅಂದ್ರೆ ಅರವತ್ತರಲ್ಲಿ ಇಪ್ಪತ್ತೊಂದೂ ಚಿಲ್ಲರೆ. ಅವನು ಇಟ್ಟದ್ದೂ ಸರಿ, ಹೇಳಿದ್ದೂ ಸರಿ. ನಾವು ಓದಿದ್ದು ಬೇರೆ."

ಮಕ್ಕಳಿಗೆ ಅದು ಸೊಗಸಾದ ಲೆಕ್ಕ. ಕೆಲವರು ಆಗಲೇ ಬೆರಳು ಮಡಿಸತೊಡಗಿದ್ದರು. ಜಟ್ಟಿ ಮಾತ್ರ ಕಲ್ಲಿನ ಮೇಲಿನ ಬಿಳಿ ಅಂಕೆಗಳನ್ನೇ ನೋಡುತ್ತಿದ್ದ.

"ಅಕ್ಕೋರೇ," ಎಂದ ಮೆಲ್ಲಗೆ. "ನನ್ನದರಲ್ಲಿ ಮೂವತ್ತು ಅಂದ್ರೆ, ಅವಂದರಲ್ಲಿ ಎಷ್ಟು?"

"ಹದಿನೆಂಟು."

"ನಡುವೆ ಎಷ್ಟು ದೂರ ಆಗ್ತದೆ?"

ಅಕ್ಕೋರು ಮತ್ತೆ ಬರೆದರು. "ಎರಡು ಫರ್ಲಾಂಗಿಗೆ ತುಸು ಕಡಿಮೆ. ಮೂವತ್ತರಿಂದ ಹದಿನೆಂಟಕ್ಕೆ ಅಂದ್ರೆ ತೆಂಕು ದಿಕ್ಕಿಗೆ."

ಎರಡು ಫರ್ಲಾಂಗು ತೆಂಕಕ್ಕೆ ಸರಿದು ಬಲೆ ಬಿಟ್ಟೆ ಎಂದು ಮೋಹನ ಬಂದರದಲ್ಲಿ ನೂರು ಸಲ ಹೇಳಿದ್ದ. ಅಲ್ಲಿದ್ದ ಸಣ್ಣ ಮಕ್ಕಳಿಗೂ ಅದು ಗೊತ್ತಿತ್ತು. ಕಲ್ಲಿನಿಂದ ದೂರ ಸರಿದೆನೆಂದುಕೊಂಡು ಅವನು ಕಲ್ಲಿನ ಮೇಲೆಯೇ ಹೋಗಿದ್ದ. ಅವನ ಯಂತ್ರ ಮಲ್ಪೆ ಕಡೆಯಿಂದ ಕೈಬದಲಾಗಿ ಬಂದದ್ದು. ಹಿಂದಿನ ಯಜಮಾನ ಅದನ್ನು ಸೆಕೆಂಡು ತೋರಿಸುವಂತೆ ಇಟ್ಟಿದ್ದ. ತಾನು ಗುರುತು ಮಾಡಿಕೊಂಡ ಜಾಗಕ್ಕೆ ತಾನೇ ಹೋಗುವಾಗ ಅದು ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಜಟ್ಟಿ ಆ ಕುಣಿಯುವ ಮೂರನೆಯ ಅಂಕೆಯನ್ನೂ ಹೇಳಿದ್ದರೆ, ಇದೇನು ಒಂದು ಅಂಕೆ ಹೆಚ್ಚಿಗೆ ಬಂತು ಎಂದು ಅಂದೇ ಸಂಶಯ ಬರುತ್ತಿತ್ತು.

ಮೋಹನ ತನ್ನ ಯಂತ್ರವನ್ನು ಎತ್ತಿಕೊಂಡು, ಅದನ್ನು ಅತ್ತಿತ್ತ ತಿರುಗಿಸಿ ನೋಡಿದ. ತಪ್ಪಾಯಿತು ಎಂಬ ಮಾತು ಅವನ ಬಾಯಿಗೆ ಬರುವಂಥದಲ್ಲ. ಅವನು ಕೇಳಿದ್ದು ಇಷ್ಟು:

"ಭಾವಾ, ಆ ಕಲ್ಲಿನ ನಂಬರು ಇನ್ನೊಂದ್ಸಲ ಹೇಳು."

ಜಟ್ಟಿ ಹೇಳಿದ. ಈ ಸಲ ಮಿನಿಟು, ಚುಕ್ಕೆ, ಮೂರು ಅಂಕೆ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ದಪ್ಪವಾಯಿತು. ಅಕ್ಕೋರು ಅದನ್ನು ಅರವತ್ತರ ಲೆಕ್ಕಕ್ಕೆ ತಿರುಗಿಸಿಕೊಟ್ಟರು. ಮೋಹನ ಯಂತ್ರದ ಗುಂಡಿಗಳನ್ನು ಒಂದೊಂದಾಗಿ ಒತ್ತಿ ತುಂಬಿಕೊಂಡ.

ಇಳಿಯುವಾಗ ಭಾವಂದಿರಿಬ್ಬರೂ ಎಲ್ಲರಿಗಿಂತ ಹಿಂದೆ ಬಂದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಒಂದು ಸಲ ಜಟ್ಟಿಯ ದೊಡ್ಡ ನಗೆ ಮಾತ್ರ ಕೇಳಿಸಿತು. ಮುಂದೆ ನಡೆಯುತ್ತಿದ್ದ ಸರೋಜಾ ಹಿಂತಿರುಗಿ ನೋಡಲಿಲ್ಲ. ಖಾಲಿ ಬುತ್ತಿಯನ್ನು ಸೆರಗಿನಿಂದ ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಡೆದಳು.

ಜಟ್ಟಿ ಬಾಡಕ್ಕೆ ಹೋಗಲಿಲ್ಲ. ಮರುವರ್ಷ ಮಳೆಗಾಲ ಮುಗಿದ ಮೇಲೆ ಮತ್ತೆ ಬೋಟು ಹತ್ತಿ ತಾಂಡೇಲನಾದ. ನಾನು ನಿವೃತ್ತನಾಗುವವರೆಗೂ ಅವನು ಕಡಲಿಗೆ ಹೋಗುತ್ತಿದ್ದ. ಆ ಬಂದರದಲ್ಲಿ ಜಾಗ ಹೇಳುವಾಗ "ನೂರರದ್ದಾ, ಅರವತ್ತರದ್ದಾ?" ಎಂದು ಕೇಳುವ ರೂಢಿಯೊಂದು ಹುಟ್ಟಿಕೊಂಡಿತ್ತು. ಅದು ಎಲ್ಲಿಂದ ಬಂತೆಂದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಗಾಳಿಮರದ ಸಾಲಿನ ಕೆಳಗೆ ಆಮೇಲೆ ಯಾರೂ ಕುಳಿತು ಬಲೆ ಹೆಣೆದದ್ದನ್ನು ನಾನು ಕಾಣೆ.

ಬುತ್ತಿ ಸಿಕ್ಕಿದ ಎರಡನೆಯ ದಿನ ಬೆಳಿಗ್ಗೆ ಸರೋಜಾ ನಮ್ಮ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಳು. ಬುಟ್ಟಿಯ ತುಂಬ ಬಂಗಡೆ. ನನ್ನ ಹೆಂಡತಿ ದರ ಕೇಳಿದಳು.

"ಮಾರೂದಲ್ಲ ಅಮ್ಮಾ ಇದು," ಎಂದಳು ಸರೋಜಾ. ಡಿಸೆಂಬರು ತಿಂಗಳು, ಮೊದಲ ಮೀನಿನ ದಿನ ಕಳೆದು ಬಹಳ ಕಾಲವಾಗಿತ್ತು. ಅವಳ ಕತ್ತು ತುಸು ಎತ್ತರವಾಯಿತು. "ತಮ್ಮಂದು. ಮೂರು ವರ್ಷದ್ದು ಒಟ್ಟಿಗೆ ಕಳ್ಸಿದ."

ಪಾತ್ರೆಗೆ ಮೀನು ಹಾಕುತ್ತ, ಒಳಗೆ ಕುಳಿತಿದ್ದ ನನಗೆ ಕೇಳುವಂತೆ ದನಿ ಏರಿಸಿದಳು:

"ಮಾಸ್ತರ್ರೇ, ಐದೈದು ಹಾಕ್ಲಾ, ಏಳೇಳು ಹಾಕ್ಲಾ? ಉಳಿದದ್ದೊಂದು ಹೆಂಗೂ ಅಮ್ಮಂದೇ."